ಶಾಸನಪದ್ಯಗಳ ಪಾದವಿನ್ಯಾಸ: ಒಂದು ವಿಮರ್ಶೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ತಾಲ್ಲೂಕುಗಳ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯ 6ನೆಯ ಸಂಪುಟದಲ್ಲಿಯೂ (1977), ನಾಗಮಂಗಲ ತಾಲ್ಲೂಕಿನವು 7ನೆಯ ಸಂಪುಟದಲ್ಲಿಯೂ (1979) ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯಿಂದ ಪ್ರಕಟವಾಗಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಹೊಸಹೊಳಲು, ಕಂಬದಹಳ್ಳಿಗಳ ಬಸದಿಗಳ ಚರಿತ್ರೆಗೆ ಇವು ಮುಖ್ಯ ಆಕರಗಳು. ಇಂತಹ ಪಾಠಗಳನ್ನು ಗಣಕಯಂತ್ರಕ್ಕೆ ಅಳವಡಿಸುವಾಗ ಪದ್ಯಭಾಗವನ್ನು ಹೇಗೆ ವಿನ್ಯಾಸಗೊಳಿಸಬೇಕೆಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಕಲ್ಲಿನಲ್ಲಾಗಲಿ ತಾಳೆಗರಿಯಲ್ಲಾಗಲಿ ಪದ್ಯಗಳು ಸಾಮಾನ್ಯವಾಗಿ ಪಾದಪಾದವಾಗಿ ಬಿಡಿಸಲ್ಪಟ್ಟಿರುವುದಿಲ್ಲ. ಸ್ಥಳವಿದ್ದಷ್ಟು ಅಕ್ಷರಗಳು ಒಂದೇ ಸಮನೆ ಸಾಗುತ್ತವೆ; ದಂಡಗಳೂ, ಕೆಲವೆಡೆ ‘ಕಂ’, ‘ವೃ’ ಎಂಬ ಸಂಕೇತಗಳೂ ಓದುಗನಿಗೆ ದಾರಿ ತೋರಿಸುತ್ತವೆ. ಪಾದಗಳನ್ನು ಬಿಡಿಸಿ, ಕೆಲವನ್ನು ಒಳಕ್ಕೆ ಸರಿಸಿ ಬರೆಯುವುದು ಸಂಪಾದಕನ ಛಂದೋನಿರ್ಣಯ. ಕಂದಪದ್ಯದ 1, 3ನೆಯ ಪಾದಗಳಿಗೆ 12 ಮಾತ್ರೆ. 2, 4ನೆಯವಕ್ಕೆ 20. ಈ ವ್ಯತ್ಯಾಸವೂ ದ್ವಿತೀಯಾಕ್ಷರ ಪ್ರಾಸವೂ ಪಾದವಿನ್ಯಾಸದಿಂದ ಒಡನೆಯೇ ಗೋಚರಿಸುತ್ತವೆ. ಅಕ್ಷರಲೋಪವಿದ್ದರೆ ಅದೂ ಸುಲಭವಾಗಿ ಪತ್ತೆಯಾಗುತ್ತದೆ.

ಆದರೆ ಈ ಒಳಸರಿತವನ್ನು ಖಾಲಿ ಸ್ಥಳಗಳನ್ನು ಒತ್ತಿ ಸಾಧಿಸುವ ರೂಢಿ ದೋಷಯುಕ್ತವಾದುದು. ಅಂತರಜಾಲದ ಪುಟವು ಅನೇಕ ಖಾಲಿ ಸ್ಥಳಗಳನ್ನು ಒಂದಾಗಿ ಕುಗ್ಗಿಸಿಬಿಡುತ್ತದೆ. ಕಿರಿದಾದ ತೆರೆಯಲ್ಲಿ ಚಂಪಕಮಾಲೆಯ 21 ಅಕ್ಷರಗಳ ಪಾದವು ಮುರಿದು, ನಾಲ್ಕು ಪಾದಗಳು ಎಂಟಾಗಿ ತೋರುವುದುಂಟು. ಯಂತ್ರದ ಧ್ವನಿಯಿಂದ ಕೇಳಿ ಓದುವ ದೃಷ್ಟಿಹೀನ ವಿದ್ಯಾರ್ಥಿಗಾದರೋ ಒಳಸರಿತವೇ ಇಲ್ಲ. ಮೇಲಾಗಿ, ಪಾದಾಂತದಲ್ಲಿ ಪದವನ್ನು ಮುರಿಯುವುದು ನಮ್ಮ ಪ್ರಾಚೀನ ಕವಿಗಳಿಗೆ ಸಹಜ. ‘ಜಿನಮಂದಿರ’ ಎಂಬುದು ‘ಜಿನಮಂ’ ಎಂದು ನಿಂತು ‘ದಿರ’ ಎಂದು ಮುಂದಿನ ಪಾದದಲ್ಲಿ ತೊಡಗಿದರೆ, ಯಂತ್ರವು ಎರಡು ನಿರರ್ಥಕ ಶಬ್ದಗಳನ್ನು ಉಚ್ಚರಿಸುತ್ತದೆ.

ಆದುದರಿಂದ ಪದ್ಯ, ಪಾದ, ಕಲ್ಲಿನ ಸಾಲು ಈ ಮೂರನ್ನೂ ಪಾಠದಲ್ಲಿ ಪ್ರತ್ಯೇಕವಾಗಿ ಗುರುತಿಸಿ, ಒಳಸರಿತವನ್ನು ಪುಟದ ಶೈಲಿನಿಯಮಕ್ಕೆ ಬಿಡುವುದು ಯುಕ್ತ. ಟಿ.ಇ.ಐ. ನಿಯಮಾವಳಿಯಲ್ಲಿಯೂ, ಶಾಸನಗಳಿಗಾಗಿ ಅದರಿಂದ ರೂಪುಗೊಂಡ ಎಪಿಡಾಕ್ ಪದ್ಧತಿಯಲ್ಲಿಯೂ ಇದಕ್ಕೆ ಅವಕಾಶವಿದೆ. ಪದವು ಗಡಿಯಾಚೆಗೂ ಮುಂದುವರಿದಿದೆಯೆಂದು ಸೂಚಿಸುವ ಗುರುತೂ ಉಂಟು. ಆಗ ಒಂದೇ ಮೂಲದಿಂದ ಕಣ್ಣಿಗೆ ಪಾದವಿನ್ಯಾಸವನ್ನೂ ಕಿವಿಗೆ ಅಖಂಡಪದಗಳ ಪಾಠವನ್ನೂ ಒದಗಿಸಬಹುದು. ದಂಡಕ್ಕೆ ಇಂಗ್ಲಿಷ್ ಕೀಲಿಮಣೆಯ ನೆಟ್ಟಗೆರೆಯನ್ನು ಬಳಸದೆ, ಯೂನಿಕೋಡಿನಲ್ಲಿ ದೇವನಾಗರಿಯೊಡನೆ ಕನ್ನಡಕ್ಕೂ ಸಾಮಾನ್ಯವಾಗಿರುವ ದಂಡಚಿಹ್ನೆಯನ್ನೇ ಬಳಸತಕ್ಕದ್ದು.

ಇದು ಯಂತ್ರಜ್ಞರ ಕೆಲಸವೆಂದು ಪಂಡಿತರು ದೂರ ನಿಲ್ಲುವುದು ಸರಿಯಲ್ಲ. ಪಾದವೆಲ್ಲಿ ಮುಗಿಯಿತು, ಪದವೆಲ್ಲಿ ಮುರಿಯಿತು ಎಂಬುದನ್ನು ಛಂದಸ್ಸನ್ನು ಬಲ್ಲವರೇ ಹೇಳಬೇಕು. ಅವರು ಗುರುತಿಸದೆ ಬಿಟ್ಟುದನ್ನು ಯಂತ್ರವು ತಾನಾಗಿ ಊಹಿಸಲಾರದು. ಆಗಮವನ್ನು ‘ಶ್ರುತ’ವೆಂದೇ ಕರೆದು, ಕೇಳಿ ಕಲಿಯುವುದನ್ನು ಗೌರವಿಸಿದ ಪರಂಪರೆ ನಮ್ಮದು. ಕೇಳುವವನಿಗೆ ಪಾಠವು ಕೆಡದಂತೆ ಸಂಪಾದಿಸುವುದೂ ಶಾಸ್ತ್ರದಾನದ ಒಂದು ಅಂಗವೇ ಆಗಿದೆ.