ಉಬುಂಟುವಿನ ಮಾದರಿ ಕಡತಗಳು: ಒಂದು ವಿಮರ್ಶೆ

ಹಿಂದಿನ ಕಾಲದ ಐಗಳ ಮಠಗಳಲ್ಲಿ ವಿದ್ಯಾಭ್ಯಾಸವು ಮರಳಿನ ಮೇಲೆ ಆರಂಭವಾಗುತ್ತಿದ್ದಿತು. ಗುರುವು ಒಂದು ಅಕ್ಷರವನ್ನು ಬರೆದುಕೊಡುವನು. ಶಿಷ್ಯನು ಅದರ ಮೇಲೆಯೇ ಬೆರಳಾಡಿಸಿ ತಿದ್ದುವನು. ತಪ್ಪಿದರೆ ಮರಳನ್ನು ಸಮಮಾಡಿ ಮತ್ತೆ ತೊಡಗಬಹುದಾಗಿದ್ದಿತು. ಹಾಗೆ ಬರೆದುಕೊಟ್ಟ ಮೇಲ್ಪಂಕ್ತಿಗೆ ಎರಡು ಗುಣಗಳು ಅವಶ್ಯಕವಾಗಿದ್ದುವು. ಅದು ಅನುಕರಣೆಗೆ ಯೋಗ್ಯವಾಗಿರಬೇಕು. ಕೆಟ್ಟುಹೋದರೂ ಯಾರಿಗೂ ನಷ್ಟವಾಗಬಾರದು. ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯೊಡನೆ ಬರುವ ಮಾದರಿ ಕಡತಗಳನ್ನು ಅಳೆಯುವುದಕ್ಕೂ ಈ ಎರಡು ಗುಣಗಳೇ ತಕ್ಕ ಮಾನದಂಡಗಳು.

ಮಾದರಿ ಕಡತವೆಂದರೇನು? ಹೊಸದಾಗಿ ಸಿದ್ಧವಾದ ಯಂತ್ರದಲ್ಲಿ ಬರೆಯುವ, ಲೆಕ್ಕಹಾಕುವ, ಚಿತ್ರ ತಿದ್ದುವ ತಂತ್ರಾಂಶಗಳೆಲ್ಲ ಇರುತ್ತವೆ. ಆದರೆ ಬರೆದದ್ದು, ಲೆಕ್ಕಹಾಕಿದ್ದು, ತಿದ್ದಬೇಕಾದದ್ದು ಯಾವುದೂ ಇರುವುದಿಲ್ಲ. ಪಾತ್ರೆಗಳೆಲ್ಲ ಸಾಲಾಗಿದ್ದು ದಿನಸಿಯೇ ಇಲ್ಲದ ಅಡಿಗೆಮನೆಯಂತೆ ಅದು ತೋರುತ್ತದೆ. ಈ ಕೊರತೆಯನ್ನು ನೀಗಿಸುವ ಸಲುವಾಗಿ ತಯಾರಕರು ಕೆಲವು ಬರೆಹ, ಚಿತ್ರ, ಸಂಗೀತ, ಲೆಕ್ಕದ ಹಾಳೆಗಳನ್ನು ಮೊದಲೇ ಇರಿಸಿ ಕೊಡುವ ರೂಢಿ ಬೆಳೆಯಿತು. ಇವು ಅಲಂಕಾರವೆಂದು ಹಲವರ ಭಾವನೆ. ವಾಸ್ತವದಲ್ಲಿ ಇವು ಯಂತ್ರವು ತನ್ನ ಒಡೆಯನಿಗೆ ಹೇಳಿಕೊಡುವ ಮೊದಲ ಪಾಠ. ಆದುದರಿಂದಲೇ ಇವು ವಿಮರ್ಶೆಗೆ ಅರ್ಹವಾದುವು.

ಪ್ರಕೃತ ವಿಚಾರಕ್ಕೆ ಉಬುಂಟು ಎಂಬ ಸ್ವತಂತ್ರ ವ್ಯವಸ್ಥೆಯ ಉದಾಹರಣೆ ಎಲ್ಲಕ್ಕಿಂತ ಉಪಯುಕ್ತವಾದುದು. ಅದರ ಮೊದಲ ಆವೃತ್ತಿ ೨೦೦೪ರ ಅಕ್ಟೋಬರಿನಲ್ಲಿ ಹೊರಬಂದಿತು. ದಕ್ಷಿಣ ಆಫ್ರಿಕದ ಮಾರ್ಕ್ ಷಟಲ್‌ವರ್ತ್ ಅವರು ಸ್ಥಾಪಿಸಿದ ಕೆನಾನಿಕಲ್ ಸಂಸ್ಥೆ ಇದರ ಪೋಷಕ. ಬೇಕೆಂದು ಕೇಳಿದವರಿಗೆ ಅಂಚೆವೆಚ್ಚವನ್ನೂ ಪಡೆಯದೆ ಸಿ.ಡಿ.ಯನ್ನು ಕಳುಹಿಸಿಕೊಡುವ ಪದ್ಧತಿ ೨೦೧೧ರವರೆಗೆ ನಡೆಯಿತು. ಯಂತ್ರದಲ್ಲಿ ಏನನ್ನೂ ಸ್ಥಾಪಿಸದೆ, ಸಿ.ಡಿ.ಯಿಂದಲೇ ವ್ಯವಸ್ಥೆಯನ್ನು ನಡೆಸಿ ಪರೀಕ್ಷಿಸುವ ಅನುಕೂಲವೂ ಇದ್ದಿತು. ಹಾಗೆ ಪರೀಕ್ಷಿಸಲು ಬಂದವನ ಕೈಯಲ್ಲಿ ಸ್ವಂತದ ಕಡತಗಳಿರುವುದಿಲ್ಲವಷ್ಟೆ. ಅವನಿಗಾಗಿ ‘ಎಕ್ಸಾಂಪಲ್ಸ್’ ಎಂಬ ಫೋಲ್ಡರ್ ಒಂದನ್ನು ಕಣ್ಣಿಗೆ ಬೀಳುವಲ್ಲಿ ಇರಿಸಿದ್ದರು.

ಆ ಫೋಲ್ಡರಿನಲ್ಲಿದ್ದುದು ಏನು? ‘ಉಬುಂಟು’ ಎಂಬ ಆಫ್ರಿಕದ ಶಬ್ದದ ಅರ್ಥವನ್ನು ನೆಲ್ಸನ್ ಮಂಡೇಲಾ ಅವರು ವಿವರಿಸುವ ಚಲಚ್ಚಿತ್ರದ ತುಣುಕೊಂದು, ಈಸೋಪನ ನೀತಿಕಥೆಗಳ ವಾಚನದ ಧ್ವನಿಮುದ್ರಿಕೆಯೊಂದು, ಸ್ಯಾಕ್ಸೊಫೋನ್ ವಾದನದ ತುಣುಕೊಂದು, ಮ್ಯಾಕ್ಸ್‌ವೆಲ್ಲನ ಹೆಸರಿನ ಬರೆಹ, ತ್ರಿಕೋನಮಿತಿಯ ಲೆಕ್ಕದ ಹಾಳೆ, ಕಂತುಪಾವತಿಯ ಪಟ್ಟಿ, ರಷ್ಯನ್ ಭಾಷೆಯಲ್ಲಿ ಉಬುಂಟುವಿನ ಪರಿಚಯ, ಉಬುಂಟುವನ್ನೂ ಅದರ ಸೋದರ ವ್ಯವಸ್ಥೆಯಾದ ಕುಬುಂಟುವನ್ನೂ ಸಭೆಗೆ ಪರಿಚಯಿಸುವ ಪ್ರದರ್ಶನಗಳು, ಸಿ.ಡಿ.ಯ ಹೊದಿಕೆ; ಲಾಂಛನದ ಚಿತ್ರ; ಇವುಗಳೊಡನೆ, ಅಮೆರಿಕದ ಹೋವರ್ಡ್ ಕೌಂಟಿಯ ಗ್ರಂಥಾಲಯ, ಓಕ್ಲೆಂಡ್ ವಿಶ್ವವಿದ್ಯಾಲಯ ಮುಂತಾದ ಸಂಸ್ಥೆಗಳು ಉಬುಂಟುವನ್ನು ಹೇಗೆ ಅಳವಡಿಸಿಕೊಂಡುವೆಂಬ ವರದಿಗಳು.

ಈ ಸಂಗ್ರಹದ ಗುಣಗಳನ್ನು ಮೊದಲು ಹೇಳುವುದು ನ್ಯಾಯ. ಬರೆಹ, ಲೆಕ್ಕ, ಚಿತ್ರ, ಧ್ವನಿ, ಚಲಚ್ಚಿತ್ರ ಎಂಬ ಎಲ್ಲ ಜಾತಿಯ ಕಡತಗಳೂ ಇಲ್ಲಿದ್ದುವು. ಯಂತ್ರದ ಶಕ್ತಿಯನ್ನು ಎಲ್ಲ ಮುಖಗಳಿಂದಲೂ ಪರೀಕ್ಷಿಸಬಹುದಾಗಿದ್ದಿತು. ಈಸೋಪನ ಕಥೆಯನ್ನು ಆರಿಸಿದುದರಲ್ಲಿ ವಿವೇಕವಿದೆ: ಅದಕ್ಕೆ ಹಕ್ಕುದಾರರಿಲ್ಲ, ಹಿರಿಯರೂ ಕಿರಿಯರೂ ಕೇಳಬಹುದು. ಮುಂದೆ ೨೦೦೯ರ ಆವೃತ್ತಿಗಳ ಕಾಲದಲ್ಲಿ ‘ಫ್ರೀ ಕಲ್ಚರ್ ಷೋಕೇಸ್’ ಎಂಬ ಸ್ಪರ್ಧೆಯ ಮೂಲಕ ಜನರಿಂದಲೇ ಕೃತಿಗಳನ್ನು ಆಹ್ವಾನಿಸಿ, ಯಾರು ಬೇಕಾದರೂ ಹಂಚಬಹುದಾದ, ಮಾರ್ಪಡಿಸಬಹುದಾದ ಪರವಾನಗಿಯಲ್ಲಿ ಅವನ್ನು ಸೇರಿಸಿದರು. ಮಾದರಿಯನ್ನು ತಯಾರಕನೊಬ್ಬನೇ ಒದಗಿಸಬೇಕಾಗಿಲ್ಲ, ಬಳಸುವವರೂ ಒದಗಿಸಬಹುದೆಂಬ ತತ್ತ್ವ ಇಲ್ಲಿ ಅಂಗೀಕೃತವಾಯಿತು. ಈ ಒಂದು ಕಾರಣಕ್ಕೆ ಈ ಪ್ರಯತ್ನ ಸ್ಮರಣೀಯವಾದುದು.

ಇನ್ನು ದೋಷಗಳು. ಅವುಗಳಲ್ಲಿ ಮೊದಲನೆಯದು ಹೆಸರಿನದು. ಬರೆಹ, ಲೆಕ್ಕಗಳ ಕಡತಗಳಿಗೆ ‘ಓಓ-ಮ್ಯಾಕ್ಸ್‌ವೆಲ್’, ‘ಓಓ-ಟ್ರಿಗ್’ ಎಂಬ ಬಗೆಯ ಹೆಸರುಗಳಿದ್ದುವು. ‘ಓಓ’ ಎಂದರೆ ಓಪನ್ ಆಫೀಸ್ ಎಂಬ ತಂತ್ರಾಂಶದ ಸಂಕ್ಷೇಪ. ಕಡತವು ಯಾವ ಉಪಯೋಗಕ್ಕೆ ಎಂಬುದನ್ನು ಬಿಟ್ಟು ಯಾವ ತಂತ್ರಾಂಶದ್ದು ಎಂಬುದನ್ನು ಈ ಹೆಸರು ತಿಳಿಸುತ್ತದೆ. ತಿಳಿದವನಿಗೆ ಅದು ಅನಗತ್ಯ. ತಿಳಿಯದವನಿಗೆ ಅದು ಒಗಟು. ೨೦೧೧ರ ಏಪ್ರಿಲ್ ಆವೃತ್ತಿಯಲ್ಲಿ ಓಪನ್ ಆಫೀಸಿನ ಸ್ಥಾನಕ್ಕೆ ಲಿಬ್ರೆ ಆಫೀಸ್ ಬಂದಾಗ ಆ ಸಂಕ್ಷೇಪಕ್ಕೆ ಆಧಾರವೇ ತಪ್ಪಿಹೋಯಿತು.

ಎರಡನೆಯ ದೋಷ ತಿದ್ದುವ ಸ್ವಾತಂತ್ರ್ಯಕ್ಕೆ ಸಂಬಂಧಿಸಿದುದು. ಬಳಕೆದಾರನ ಮನೆಯಂಗಳದಲ್ಲಿ ಕಾಣುತ್ತಿದ್ದ ಆ ಫೋಲ್ಡರ್ ವಾಸ್ತವವಾಗಿ ಒಂದು ದಾರಿಗಂಬ ಮಾತ್ರ. ಕಡತಗಳಿದ್ದುದು ವ್ಯವಸ್ಥೆಯ ಒಳಕೋಣೆಯಲ್ಲಿ, ಆಡಳಿತಗಾರನ ವಶದಲ್ಲಿ. ಅವನ್ನು ತೆರೆದು ಓದಬಹುದು; ತಿದ್ದಿ ಅಲ್ಲಿಯೇ ಉಳಿಸಲು ಹೋದರೆ ಯಂತ್ರ ಒಪ್ಪುವುದಿಲ್ಲ. ಮೂಲಪ್ರತಿಗೆ ರಕ್ಷಣೆ ಬೇಕೆಂಬುದು ನಿಜ. ಆದರೆ ಹೊಸಬನಿಗೆ ಇರುವ ದೊಡ್ಡ ಭಯವೆಂದರೆ ‘ಏನಾದರೂ ಕೆಟ್ಟುಹೋದೀತು’ ಎಂಬುದೇ. ಆ ಭಯವನ್ನು ಹೋಗಲಾಡಿಸಬೇಕಾದ ಕಡತವೇ ಮೊದಲ ಪ್ರಯತ್ನದಲ್ಲಿ ಅವನ ಕೈಯನ್ನು ತಡೆದರೆ, ಮರಳಿನ ಮೇಲಿನ ಅಕ್ಷರಕ್ಕೆ ಗಾಜು ಮುಚ್ಚಿದಂತಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಗುರುತರವಾದ ದೋಷ. ಫೋಲ್ಡರಿನ ಬಹುಭಾಗ ಉಬುಂಟುವಿನ ವಿಷಯವನ್ನೇ ಹೇಳುತ್ತಿದ್ದಿತು. ಮಂಡೇಲಾ ಅವರು ಆ ತುಣುಕಿನಲ್ಲಿ, ಹಳ್ಳಿಗೆ ಬಂದ ದಾರಿಹೋಕನು ಅನ್ನನೀರನ್ನು ಕೇಳಬೇಕಾಗಿಯೇ ಇರಲಿಲ್ಲವೆಂಬುದನ್ನು ನೆನೆಯುತ್ತಾರೆ. ನಮ್ಮ ನಾಡಿನಲ್ಲಿಯೂ ಬಿಸಿಲಿನಲ್ಲಿ ಬಂದವರಿಗೆ ಮೊದಲು ನೀರು ಬೆಲ್ಲ, ಅನಂತರ ಮಾತು. ಆದರೆ ಈ ಫೋಲ್ಡರಿಗೆ ಬಂದ ಅತಿಥಿಗೆ ದೊರೆತುದು ಬಹುಪಾಲು ಆತಿಥೇಯನ ಮನೆತನದ ಚರಿತ್ರೆ: ಅವನ ಲಾಂಛನ, ಅವನ ಪರಿಚಯಪತ್ರ, ಅವನನ್ನು ಮೆಚ್ಚಿದವರ ಪ್ರಶಂಸಾಪತ್ರ. ಮೇರಿಲೆಂಡಿನ ಗ್ರಂಥಾಲಯವೊಂದು ಏನು ಮಾಡಿತೆಂಬುದನ್ನು ತಿಳಿದು, ಒಂದು ಅರ್ಜಿಯನ್ನು ಬರೆಯಬೇಕಾದ ಗುಮಾಸ್ತನಿಗೆ ಆಗುವ ಪ್ರಯೋಜನ ಅಲ್ಪ.

ತಕ್ಕಮಟ್ಟಿಗೆ ಹೋಲಿಕೆಯೂ ಅವಶ್ಯಕ. ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ ನೀಲಗಿರಿಸಾಲು, ಸೂರ್ಯಾಸ್ತ, ನೈದಿಲೆ, ಚಳಿಗಾಲ ಎಂಬ ನಾಲ್ಕು ಚಿತ್ರಗಳೂ ಬೀಥೋವನನ ಒಂಬತ್ತನೆಯ ಸಿಂಫನಿಯ ಒಂದು ಭಾಗವೂ ಇದ್ದುವು. ೨೦೦೯ರ ವಿಂಡೋಸ್ ೭ರಲ್ಲಿ ಸೇವಂತಿಗೆ, ಕೋಲಾ, ಪೆಂಗ್ವಿನ್ ಮುಂತಾದ ಎಂಟು ಚಿತ್ರಗಳು. ನೋಡಲು ಸೊಗಸಾದುವು, ಆತ್ಮಪ್ರಶಂಸೆ ಇಲ್ಲ, ಆದರೆ ನೋಡಿದ ಮೇಲೆ ಮಾಡಬೇಕಾದುದೂ ಏನಿಲ್ಲ. ಅದೇ ಸಂಸ್ಥೆಯ ಆಕ್ಸೆಸ್ ಎಂಬ ದತ್ತಾಂಶ ತಂತ್ರಾಂಶದೊಡನೆ ಬಂದ ‘ನಾರ್ತ್‌ವಿಂಡ್’ ಎಂಬ ಮಾದರಿಯಾದರೋ ಬೇರೆ ಜಾತಿಯದು. ಅದು ಆಹಾರಪದಾರ್ಥಗಳನ್ನು ಮಾರುವ ಕಾಲ್ಪನಿಕ ವ್ಯಾಪಾರ ಸಂಸ್ಥೆಯೊಂದರ ಸಮಗ್ರ ಲೆಕ್ಕಪತ್ರ. ಗಿರಾಕಿಗಳು, ಬೇಡಿಕೆಗಳು, ಸರಕುಗಳು, ನೌಕರರು ಎಲ್ಲರ ಪಟ್ಟಿಗಳೂ ಒಂದಕ್ಕೊಂದು ಹೆಣೆದುಕೊಂಡಿವೆ. ಸರಕುಗಳ ಪಟ್ಟಿಯಲ್ಲಿ ಮೊದಲನೆಯದು ‘ಚಾಯ್’ ಎಂಬುದನ್ನು ಕಂಡು ಭಾರತೀಯ ವಿದ್ಯಾರ್ಥಿಗೆ ಸಂತೋಷವಾದೀತು. ಅಂಗಡಿ ಕಲ್ಪಿತವಾದರೂ ಅಲ್ಲಿನ ಕೆಲಸ ನಿಜವಾದುದು. ಆದ್ದರಿಂದಲೇ ಅದು ಪಾಠವಾಗಿ ನಿಂತಿತು.

ಇಲ್ಲಿಗೆ ಕನ್ನಡದ ಪ್ರಶ್ನೆ ಬರುತ್ತದೆ. ಮಾದರಿ ಕಡತವು ಬಳಕೆದಾರನ ಭಾಷೆಯಲ್ಲಿರಬೇಕೆಂಬುದು ಅಭಿಮಾನದ ಮಾತು ಮಾತ್ರವಲ್ಲ. ಅದು ಯಂತ್ರದ ಪರೀಕ್ಷೆಯೂ ಹೌದು. ಇಂಗ್ಲಿಷಿನ ಪುಟವು ಸರಿಯಾಗಿ ಕಂಡಿತೆಂದ ಮಾತ್ರಕ್ಕೆ ಕನ್ನಡದ ಪುಟವೂ ಸರಿಯಾಗಿ ಕಾಣುವುದೆಂಬ ಭರವಸೆ ಇಲ್ಲ. ‘ರಾಷ್ಟ್ರ’, ‘ಸ್ತ್ರೀ’ ಎಂಬ ಶಬ್ದಗಳಲ್ಲಿ ಒತ್ತಕ್ಷರಗಳು ಸಾಲಿನ ಕೆಳಗಿಳಿಯುತ್ತವೆ. ಸಾಲುಗಳ ಅಂತರ ಸಾಲದಿದ್ದರೆ ಕೆಳಗಿನ ಸಾಲಿನ ಗುಡಿಸು, ಕೊಂಬುಗಳಿಗೆ ತಗಲುತ್ತವೆ. ‘ಸೂರ್ಯ’ದಲ್ಲಿ ಅರ್ಕಾವೊತ್ತು ಬರಬೇಕು, ‘ರ‍್ಯಾಂಕ್’ ಎಂಬಲ್ಲಿ ಬರಬಾರದು. ‘ಬ್ಯಾಂಕ್‌ನಲ್ಲಿ’ ಎಂಬಲ್ಲಿ ಕಕಾರಕ್ಕೆ ನಕಾರದ ಒತ್ತು ಸೇರದೆ ಬಿಡಿಯಾಗಿ ನಿಲ್ಲಬೇಕು. ಅಕಾರಾದಿಯಾಗಿ ಜೋಡಿಸುವಾಗ ಇನ್ನೊಂದು ತೊಡಕು: ಯೂನಿಕೋಡಿನ ಸಂಕೇತಪಟ್ಟಿಯಲ್ಲಿ ಳಕಾರವು ಲಕಾರದ ಮಗ್ಗುಲಲ್ಲಿಯೇ, ವಕಾರಕ್ಕಿಂತ ಮೊದಲೇ ಕುಳಿತಿದೆ, ನಮ್ಮ ವರ್ಣಮಾಲೆಯಲ್ಲಿ ಅದರ ಸ್ಥಾನ ಹಕಾರದ ಅನಂತರ. ಬರಿಯ ಸಂಕೇತಸಂಖ್ಯೆಯನ್ನೇ ಅನುಸರಿಸುವ ಯಂತ್ರವು ‘ಕಳಸ, ಕವನ, ಕಸ’ ಎಂದು ಜೋಡಿಸುತ್ತದೆ; ಕನ್ನಡದ ಕ್ರಮ ‘ಕವನ, ಕಸ, ಕಳಸ’. ಈ ದೋಷಗಳೆಲ್ಲ ಒಂದು ಪುಟದ ಕನ್ನಡ ಮಾದರಿಯಿಂದ ಮೊದಲ ದಿನವೇ ಬಯಲಾಗುತ್ತವೆ. ಮಾದರಿಯೇ ಇಲ್ಲದಿದ್ದರೆ ಅವು ಬಳಕೆದಾರನ ಮದುವೆಯ ಲಗ್ನಪತ್ರಿಕೆಯಲ್ಲಿ ಬಯಲಾಗುತ್ತವೆ. ಆಗ ಅವನು ಯಂತ್ರವನ್ನು ದೂರುವುದಿಲ್ಲ, ಕನ್ನಡವೇ ಯಂತ್ರಕ್ಕೆ ಒಗ್ಗದ ಭಾಷೆಯೆಂದು ತೀರ್ಮಾನಿಸುತ್ತಾನೆ.

ಹಾಗಾದರೆ ಕನ್ನಡಕ್ಕೆ ತಕ್ಕ ಮಾದರಿಗಳು ಯಾವುವು? ಐದು ಸಾಕು. ಮೊದಲನೆಯದು ಒಂದು ಅರ್ಜಿ: ಇವರಿಗೆ, ಇವರಿಂದ, ವಿಷಯ, ಒಕ್ಕಣೆ, ದಿನಾಂಕ, ಸಹಿ ಎಲ್ಲವೂ ಸ್ವಸ್ಥಾನದಲ್ಲಿರುವುದು. ಎರಡನೆಯದು ಸಂಘದ ಸದಸ್ಯರ ಪಟ್ಟಿ: ಕಲ್ಪಿತ ಹೆಸರುಗಳು, ಚಂದಾ, ಬಾಕಿ, ಅಕಾರಾದಿ ಜೋಡಣೆಯ ಪರೀಕ್ಷೆಯೂ ಇದರಲ್ಲಿಯೇ ಆಗುತ್ತದೆ.

ಮೂರನೆಯದು ಸಾಲದ ಕಂತಿನ ಲೆಕ್ಕ. ಉದಾಹರಣೆಗೆ ೧,೦೦,೦೦೦ ರೂಪಾಯಿ ಸಾಲ, ವರ್ಷಕ್ಕೆ ಶೇಕಡಾ ೧೨ ಬಡ್ಡಿ, ಹನ್ನೆರಡು ಸಮಾನ ಮಾಸಿಕ ಕಂತು. ಕಂತು ೮,೮೮೪ ರೂಪಾಯಿ ೮೮ ಪೈಸೆ. ರೂಪಾಯಿಗೆ ಸರಿಮಾಡಿದರೆ ೮,೮೮೫. ಮೊದಲ ತಿಂಗಳು ಅದರಲ್ಲಿ ೧,೦೦೦ ಬಡ್ಡಿಗೆ, ೭,೮೮೫ ಅಸಲಿಗೆ. ತಿಂಗಳು ತಿಂಗಳಿಗೆ ಬಡ್ಡಿ ಇಳಿದು ಅಸಲು ಏರುತ್ತದೆ. ಹೀಗೆ ಪೈಸೆಗಳನ್ನು ಸರಿಮಾಡಿದ ಕಾರಣ ಕೊನೆಯ ಕಂತು ಸುಮಾರು ಒಂದೂವರೆ ರೂಪಾಯಿ ಕಡಿಮೆಯಾಗುತ್ತದೆ. ಬಡ್ಡಿಯ ದರವಿರುವ ಒಂದೇ ಮನೆಯನ್ನು ಬದಲಾಯಿಸಿದರೆ ಪಟ್ಟಿಯೆಲ್ಲವೂ ಬದಲಾಗುವುದನ್ನು ಕಂಡವನಿಗೆ ಸ್ಪ್ರೆಡ್‌ಶೀಟ್ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ. ತಾನು ಪಡೆದ ಸಾಲದ ಗುಟ್ಟೂ ತಿಳಿಯುತ್ತದೆ. ಮುಖ್ಯವಾಗಿ, ಲಕ್ಷಕ್ಕೆ ಅಲ್ಪವಿರಾಮವು ನಮ್ಮ ಪದ್ಧತಿಯಂತೆ ೧,೦೦,೦೦೦ ಎಂದು ಬೀಳಬೇಕೇ ಹೊರತು ೧೦೦,೦೦೦ ಎಂದಲ್ಲ.

ನಾಲ್ಕನೆಯದು ಚಿತ್ರ: ಹಲ್ಮಿಡಿ ಶಾಸನದ ಛಾಯಾಚಿತ್ರ. ಬೆಳಕು ನೆರಳುಗಳನ್ನು ಹೆಚ್ಚಿಸಿ ತಗ್ಗಿಸಿ, ಸವೆದ ಅಕ್ಷರಗಳನ್ನು ಎದ್ದು ಕಾಣುವಂತೆ ಮಾಡುವುದೇ ಅಲ್ಲಿನ ಅಭ್ಯಾಸ. ಐದನೆಯದು ಧ್ವನಿ: ಈಸೋಪನ ಸ್ಥಾನದಲ್ಲಿ ಹನ್ನೊಂದನೆಯ ಶತಮಾನದ ದುರ್ಗಸಿಂಹನ ಪಂಚತಂತ್ರದಿಂದ ಒಂದು ಕಥೆಯ ವಾಚನ, ಅದರ ಪಠ್ಯದೊಡನೆ. ಹಕ್ಕಿನ ತೊಡಕೂ ಇಲ್ಲಿ ಹೆಚ್ಚಿಲ್ಲ. ಭಾರತದ ಕಾನೂನಿನಂತೆ ಲೇಖಕನು ತೀರಿಕೊಂಡ ಅರವತ್ತು ವರ್ಷಗಳ ಮೇಲೆ ಅವನ ಕೃತಿ ಸಾರ್ವಜನಿಕವಾಗುತ್ತದೆ. ೧೯೦೧ರಲ್ಲಿ ತೀರಿಕೊಂಡ ಮುದ್ದಣನ ಗದ್ಯವೂ ೧೯೩೭ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಮಕ್ಕಳ ಸಾಹಿತ್ಯವೂ ಇಂದು ಎಲ್ಲರ ಸೊತ್ತು. ಛಾಯಾಚಿತ್ರಕ್ಕೂ ವಾಚನಕ್ಕೂ ಮಾತ್ರ ಅವನ್ನು ಮಾಡಿದವರ ಅನುಮತಿ ಬೇಕು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಸ್ಥಳವೆಲ್ಲಿ ಎಂಬುದು ಒಂದು. ಸಿ.ಡಿ.ಯ ೭೦೦ ಮೆಗಾಬೈಟಿನಲ್ಲಿ ಎಲ್ಲವನ್ನೂ ಅಡಕಮಾಡಬೇಕಾಗಿದ್ದ ಕಾಲದಲ್ಲಿ ಈ ಆಕ್ಷೇಪಕ್ಕೆ ತೂಕವಿದ್ದಿತು. ೨೦೧೨ರ ಅಕ್ಟೋಬರ್ ಆವೃತ್ತಿಯಲ್ಲಿಯೇ ಉಬುಂಟು ಆ ಮಿತಿಯನ್ನು ದಾಟಿತು. ಅಲ್ಲದೆ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕಾದರೂ ಸಾವಿರ ಶಬ್ದಗಳ ಕಥೆ ಸುಮಾರು ಮೂವತ್ತು ಕಿಲೊಬೈಟನ್ನು ಮೀರದು. ಎರಡನೆಯದು, ಮಾದರಿಗಳ ಕಾಲವೇ ಮುಗಿಯಿತೆಂಬುದು. ೨೦೧೨ರ ವಿಂಡೋಸ್ ೮ರಿಂದ ಮುಂದೆ ಮಾದರಿ ಚಿತ್ರಗಳನ್ನು ಕೈಬಿಡಲಾಯಿತು. ಈಚಿನ ಉಬುಂಟುವಿನಲ್ಲಿಯೂ ‘ಎಕ್ಸಾಂಪಲ್ಸ್’ ಕಣ್ಣಿಗೆ ಬೀಳುವುದಿಲ್ಲ. ಪಾಠ ಚೆನ್ನಾಗಿರಲಿಲ್ಲವೆಂದು ಪಾಠಶಾಲೆಯನ್ನೇ ಮುಚ್ಚಿದರೆಂದು ಹೇಳಬೇಕಾಗಿದೆ. ತಿದ್ದಬೇಕಾಗಿದ್ದುದನ್ನು ತೆಗೆದುಹಾಕಿದ್ದು ಸುಧಾರಣೆಯೆನಿಸದು.

ಆದರೂ ಒಂದು ಬಾಗಿಲು ತೆರೆದೇ ಇದೆ. ಉಬುಂಟುವಿನ ಪ್ರತಿಯೊಬ್ಬ ಬಳಕೆದಾರನ ಮನೆಯಲ್ಲಿಯೂ ‘ಟೆಂಪ್ಲೇಟ್ಸ್’ ಎಂಬ ಫೋಲ್ಡರ್ ಇರುತ್ತದೆ. ಅದು ಬರಿದಾಗಿಯೇ ಬರುತ್ತದೆ. ಅದರಲ್ಲಿ ಒಂದು ಕಡತವನ್ನಿರಿಸಿದರೆ, ಹೊಸ ಕಡತವನ್ನು ಆರಂಭಿಸುವ ಪಟ್ಟಿಯಲ್ಲಿ ಅದರ ಹೆಸರು ಕಾಣಿಸಿಕೊಳ್ಳುತ್ತದೆ. ಆರಿಸಿದಾಗಲೆಲ್ಲ ಒಂದು ಹೊಸ ಪ್ರತಿ ಕೈಗೆ ಬರುತ್ತದೆ. ಮೂಲ ಉಳಿಯುತ್ತದೆ, ಪ್ರತಿಯನ್ನು ನಿರ್ಭಯವಾಗಿ ಕೆಡಿಸಬಹುದು. ಮೇಲ್ಪಂಕ್ತಿಯ ಎರಡು ಗುಣಗಳೂ ಇಲ್ಲಿ ಒಟ್ಟುಗೂಡಿವೆ.

ಈ ಫೋಲ್ಡರನ್ನು ಕನ್ನಡದಿಂದ ತುಂಬಲು ಯಾವ ಕಂಪನಿಯ ಅಪ್ಪಣೆಯೂ ಬೇಕಾಗಿಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಕನ್ನಡ ಸಂಘಗಳು ಅರ್ಜಿ, ಆಮಂತ್ರಣ, ಸದಸ್ಯರ ಪಟ್ಟಿ, ಆಯವ್ಯಯಗಳನ್ನು ಕನ್ನಡದಲ್ಲಿ ಬರೆದು ರೂಢಿಯಿರುವ ಸಂಸ್ಥೆಗಳು. ಈ ನಗರಗಳಲ್ಲಿ ಬೆಳೆಯುವ ಎಷ್ಟೋ ಕನ್ನಡದ ಮಕ್ಕಳಿಗೆ ಶಾಲೆಯಲ್ಲಿ ಕನ್ನಡದ ಪಾಠವಿಲ್ಲ. ಆದರೆ ಮನೆಯಲ್ಲಿ ಗಣಕಯಂತ್ರವಿದೆ. ಆ ಯಂತ್ರವನ್ನು ತೆರೆದೊಡನೆ ಓದಬಹುದಾದ ಒಂದು ಕಥೆ, ತಿದ್ದಬಹುದಾದ ಒಂದು ಪತ್ರ ತಮ್ಮ ತಾಯಿಯ ಮಾತಿನಲ್ಲಿ ಎದುರಾದರೆ, ಅದು ಸಣ್ಣ ಲಾಭವಲ್ಲ. ಸಂಘಗಳು ಒಂದೊಂದು ಕಡತದ ಹೊಣೆಯನ್ನು ಹೊತ್ತು, ಪರಸ್ಪರ ಪರಿಶೀಲಿಸಿ, ಮುಕ್ತ ಪರವಾನಗಿಯಲ್ಲಿ ಹಂಚುವುದು ಉಚಿತವಾದ ಕಾರ್ಯ.