ಕಾಳಿಯ ಕಲ್ಲು

ಕೋಲಾರ ಸೀಮೆಯ ನಮ್ಮ ಮುಳಬಾಗಿಲಿನ ಬಳಿಯ ಕುರುಡುಮಲೆಯ ಗಣಪತಿಯ ಎದುರು ನಿಂತವರು ಮೊದಲು ಕತ್ತೆತ್ತುತ್ತಾರೆ. ಹದಿಮೂರು ಅಡಿ ಮೀರಿದ ಒಂದೇ ಕಲ್ಲಿನ ಮೂರ್ತಿ ಅದು. ಚುನಾವಣೆಗೆ ನಿಂತವರೂ ಇಲ್ಲಿ ಕೈಮುಗಿದೇ ಪ್ರಚಾರಕ್ಕೆ ಹೊರಡುತ್ತಾರೆ. ನಾನೂ ಕೈಮುಗಿಯುತ್ತೇನೆ. ಆದರೆ ನನ್ನ ಮೋಹವೆಲ್ಲ ಕತ್ತು ಬಗ್ಗಿಸಿ ನೋಡಬೇಕಾದ ಕಲ್ಲುಗಳ ಮೇಲೆ. ಈ ಸೀಮೆಯ ಕೆರೆ ಏರಿಗಳಲ್ಲಿ, ಹೊಲದ ಬದುಗಳಲ್ಲಿ ಅರ್ಧ ಹೂತುಹೋಗಿರುವ ವೀರಗಲ್ಲುಗಳ ಮೇಲೆ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಹೋರಾಟ: ಬಿಲ್ಲು, ಕತ್ತಿ, ಎಷ್ಟೋ ಕಡೆ ಹಿಂದೆ ದನಗಳ ಸಾಲು. ಕಳ್ಳರು ಹೊಡೆದುಕೊಂಡು ಹೋದ ತುರುಗಳನ್ನು ಬಿಡಿಸಿ ತರಲು ಹೋಗಿ ಮಡಿದವನು ಆತ. ನಡುವೆ ಅಪ್ಸರೆಯರು ಅವನನ್ನು ತೋಳು ಹಿಡಿದು ಕರೆದೊಯ್ಯುತ್ತಾರೆ. ಮೇಲೆ ಲಿಂಗದ ಎದುರು ಕೂತಿದ್ದಾನೆ, ಬೆವರಿಲ್ಲ, ಗಾಯವಿಲ್ಲ. ಮೂರೇ ಅಂಕಣದಲ್ಲಿ ಒಂದು ಬದುಕು. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ ಪೂರ್ತಿ ಕೋಲಾರದ ಶಾಸನಗಳದ್ದೇ. ಪುಟ ತಿರುವಿದಷ್ಟೂ ಇಂಥವರು ಎದುರಾಗುತ್ತಾರೆ.

ಅಮೆರಿಕದ ಕೂಪರ್ಸ್‌ಟೌನ್‌ನಲ್ಲಿ 1939ರಲ್ಲಿ ತೆರೆದ ಬೇಸ್‌ಬಾಲ್ ಕೀರ್ತಿಮಂದಿರದಲ್ಲಿ ಆಟಗಾರನ ಮುಖ, ಕೆಳಗೆ ಅವನ ಸಾಧನೆಯ ಕೆಲವು ಸಾಲು, ಎಲ್ಲವೂ ಕಂಚಿನಲ್ಲಿ. ಚಿತ್ರ ಕಂಡಾಗ ನನಗೆ ನಮ್ಮ ಬದುವಿನ ಕಲ್ಲೇ ನೆನಪಾಯಿತು. ನಮ್ಮದಕ್ಕೆ ಸೂರಿಲ್ಲ, ಅಷ್ಟೇ.

ಇಂಥ ಕಲ್ಲುಗಳಲ್ಲೆಲ್ಲ ನನಗೆ ಅಚ್ಚುಮೆಚ್ಚಿನದು ಮಾತ್ರ ಬೆಂಗಳೂರಿನ ಕಸ್ತೂರ್‌ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ ಕಲ್ಲು. ಕಥೆ ಶುರುವಾಗುವುದು ನಮ್ಮ ಮುಳಬಾಗಿಲಿನಿಂದ ಮೂಡಲಿಗೆ, ಘಟ್ಟ ಇಳಿದ ಮೇಲೆ, ಅರಕ್ಕೋಣದ ಹತ್ತಿರದ ತಕ್ಕೋಲದಲ್ಲಿ. 949ರಲ್ಲಿ ಅಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ಕಾಳಗ. ಚೋಳ ರಾಜಾದಿತ್ಯ ಮಡಿದ. ಕೃಷ್ಣನ ಪಕ್ಷದ ಗಂಗ ದೊರೆ ಬೂತುಗ, ತನ್ನ ಕಡೆ ಕಾದಿದ ಮಣಲೇರನಿಗೆ ಮೆಚ್ಚಿ, ಬೇಕಾದ್ದು ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ಒಂದು ನಾಯಿ. ಅದರ ಹೆಸರು ಕಾಳಿ.

ಈ ಕೇಳಿಕೆಯ ಎದುರು ನಾನು ಎಷ್ಟು ಹೊತ್ತು ನಿಂತರೂ ದಣಿವಿಲ್ಲ. ಓಟ, ಹಿಡಿತ, ಎದೆಗಾರಿಕೆ ಯಾವುದೆಂದು ಬಲ್ಲವನು ಮಾತ್ರ ಹೀಗೆ ಕೇಳಬಲ್ಲ. ಮುಂದೆ ಬೇಟೆಯಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಒಟ್ಟಿಗೇ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಎದುರು ಕಲ್ಲು ನಿಂತಿತು. ಅದರ ಮೇಲೆ ನಾಯಿ, ಹಂದಿ ಎರಡೂ ಇವೆ, ಒಂದಕ್ಕೊಂದು ಹೆಣೆದುಕೊಂಡು. ಎದುರಾಳಿಯನ್ನು ಬಿಟ್ಟು ಕಾಳಿಯೊಂದನ್ನೇ ಕೆತ್ತಿಸಿದ್ದರೂ ಕೇಳುವವರಿರಲಿಲ್ಲ. ಆ ಹಂದಿಗೂ ಕಲ್ಲಿನಲ್ಲಿ ಜಾಗ ಕೊಟ್ಟ ಕೈಯನ್ನು ನಾನು ತುಂಬಾ ಗೌರವಿಸುತ್ತೇನೆ. ಒಂದು ರಾಜ್ಯದ ಹಣೆಬರಹ ಬದಲಿಸಿದ ಯುದ್ಧವೂ ಒಂದು ನಾಯಿಯ ಸಾವೂ ಒಂದೇ ಕಲ್ಲಿನ ಮೇಲೆ ಅಕ್ಕಪಕ್ಕ ಬಾಳುತ್ತಿವೆ.

ಕಲ್ಲು ನೆಟ್ಟವರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಕೆರೆಯ ಕೆಳಗೆ ಭೂಮಿ ಬಿಟ್ಟರು. ಮಳೆ ನೋಡಿ ಬದುಕುವ ಕೋಲಾರದವರಿಗೆ ಕೆರೆ ಕೆಳಗಿನ ಭೂಮಿ ಎಂದರೆ ಏನೆಂದು ಹೇಳಬೇಕಾಗಿಲ್ಲ. ಗುಡಿಯನ್ನು ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲಿ ಎಂದೂ ಬರೆಸಿದರು. ಈಗಲೂ ನಮ್ಮ ರಾಜ್ಯ ಏಕಲವ್ಯ ಪ್ರಶಸ್ತಿ ಕೊಡುತ್ತದೆ, ಗ್ರಾಮೀಣ ಆಟದವರಿಗೆ ಕ್ರೀಡಾರತ್ನ ಕೊಡುತ್ತದೆ. ಕಬಡ್ಡಿ ಆಡಿದ ಮೊಣಕಾಲಿಗೂ ಮನ್ನಣೆ ಸಿಕ್ಕಿತೆಂದು ನನಗೆ ನಿಜವಾದ ಸಂತೋಷ. ಆದರೆ ಸಮಾರಂಭ ಮುಗಿದ ಮರುದಿನ ಆ ಹೆಸರನ್ನು ನೆನೆಯುವ ಹೊಣೆ ಇಂಥವರದು ಎಂದು ಯಾರೂ ಬರೆದಿಡುವುದಿಲ್ಲ. ಆತಕೂರಿನವರು ಬರೆದಿಟ್ಟರು, ಅದೂ ಊಟಕ್ಕೆ ಕಟ್ಟಿ.

ಕುರುಡುಮಲೆಯಿಂದ ಮರಳುವಾಗ ಒಂದು ಹೊಲದ ಬದುವಿನಲ್ಲಿ ಅಕ್ಷರ ಅಳಿಸಿಹೋದ ವೀರಗಲ್ಲು ಕಂಡಿತು. ಯಾರದೋ ಮನೆಯ ಅರಿಶಿನ ಇನ್ನೂ ಹಸಿಯಾಗಿತ್ತು.