ಮೌನದಿಂದ ಮರಳಿದ ಹಾಡು

ಬೆಳಗಾವಿಯಿಂದ ಗೋಕಾಕ ರೋಡಿನತ್ತ ಸಾಗುವ ರೈಲುದಾರಿಯಲ್ಲಿ ಸುಳೇಭಾವಿ ಎಂಬ ಊರಿದೆ. ೧೯೨೪ರ ಏಪ್ರಿಲ್ ೮ರಂದು ಅಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ ಎಂಬ ಬಾಲಕನೇ ಮುಂದೆ ಕುಮಾರ ಗಂಧರ್ವರೆನಿಸಿದನು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸಂಗೀತಪ್ರಿಯರು ಅವರನ್ನು ‘ನಮ್ಮ ಸೀಮೆಯವರು’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹೆಮ್ಮೆ ಯುಕ್ತವೇ. ಆದರೆ ಅವರ ಕಥೆಯನ್ನು ನಾವು ಹೇಳುವ ರೀತಿ ಮಾತ್ರ ವಿಚಾರಣೆಗೆ ಅರ್ಹವಾಗಿದೆ.

ಕ್ಷಯ ಬಂತು, ಹಾಡು ನಿಂತಿತು. ಕ್ಷಯ ವಾಸಿಯಾಯಿತು, ಹಾಡು ಮರಳಿತು: ಸಾಮಾನ್ಯವಾಗಿ ನಾವು ಹೇಳುವುದಿಷ್ಟೆ. ಇದು ಧೈರ್ಯದ ಕಥೆಯಾದೀತು; ಸಂಗೀತದ ಕಥೆಯಾಗಲಾರದು. ಏಕೆಂದರೆ ಮರಳಿದ್ದು ಹೋದ ಹಾಡಲ್ಲ.

ಹೋದ ಹಾಡು ಎಂಥದು? ಎಳೆಯ ವಯಸ್ಸಿನಲ್ಲೇ ದೊಡ್ಡ ಗವಾಯಿಗಳ ರಿಕಾರ್ಡುಗಳನ್ನು ಕೇಳಿ, ಅವನ್ನು ಹಾಗೆಹಾಗೆಯೇ ಹಾಡಿ ತೋರಿಸುತ್ತಿದ್ದ ಬಾಲಪ್ರತಿಭೆ ಅವರದು. ಸಭೆ ಬೆರಗಾಗುತ್ತಿತ್ತು. ಮುಂಬಯಿಯಲ್ಲಿ ಬಿ. ಆರ್. ದೇವಧರರ ಬಳಿ ಶಿಕ್ಷಣವಾಯಿತು, ಕೀರ್ತಿಯೂ ಬಂತು. ಅಷ್ಟರಲ್ಲಿ ಕ್ಷಯ ತಗುಲಿತು. ೧೯೪೮ರಲ್ಲಿ ಒಣ ಹವೆಯನ್ನರಸಿ ಮಾಳವದ ದೇವಾಸಕ್ಕೆ ಹೋದರು. ಹಾಡಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಸ್ಟ್ರೆಪ್ಟೊಮೈಸಿನ್ ಔಷಧಿಯಿಂದ ಗುಣ ಕಂಡು, ೧೯೫೩ರಲ್ಲಿ ಮತ್ತೆ ಕಚೇರಿಗೆ ಕೂತಾಗ ಒಂದು ಶ್ವಾಸಕೋಶ ನಿರುಪಯುಕ್ತವಾಗಿತ್ತು.

ನಡುವಿನ ಆ ವರ್ಷಗಳಲ್ಲಿ ನಡೆದುದೇನು? ಹಾಸಿಗೆ ಹಿಡಿದ ಗವಾಯಿ ಕೇಳುಗನಾದನು. ಬೀದಿಯಲ್ಲಿ ಹಾಡಿಕೊಂಡು ಹೋಗುವ ಜೋಗಿಗಳು, ಮಾಳವದ ಹೆಂಗಸರ ಪದಗಳು ಕಿವಿಗೆ ಬಿದ್ದವು. ನಾಲ್ಕೈದು ಸ್ವರಗಳಲ್ಲೇ ಆಡುವ ಆ ಧಾಟಿಗಳಲ್ಲಿ ರಾಗದ ಬೀಜವಿದೆಯೆಂದು ಅವರಿಗೆ ಹೊಳೆಯಿತು. ಲಗನಗಂಧಾರ, ಮಾಲವತಿ, ಸಂಜಾರಿ ಮುಂತಾದ ಹೊಸ ರಾಗಗಳು ಹೀಗೆ ಮೂಡಿದವು. ಕಬೀರನ ನಿರ್ಗುಣ ಪದಗಳು ಕಚೇರಿಗೆ ಬಂದುದೂ ಈ ದಾರಿಯಿಂದಲೇ.

ಚಿಕ್ಕ ಚಿಕ್ಕ ತುಣುಕುಗಳು, ನಡುನಡುವೆ ಮೌನ, ಥಟ್ಟನೆ ಮೇಲೇರುವ ಸ್ವರ: ಈ ಶೈಲಿಗೆ ಉಸಿರಿನ ಕೊರತೆಯೇ ಕಾರಣವೆನ್ನುವವರುಂಟು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಸಿರನ್ನು ಉಳಿಸುವುದಷ್ಟೇ ಉದ್ದೇಶವಾಗಿದ್ದರೆ ಅವರು ತಗ್ಗಿನಲ್ಲಿ, ಮೆಲ್ಲನೆ ಹಾಡಿ ಸುಮ್ಮನಾಗಬಹುದಿತ್ತು. ಅವರು ಎತ್ತರಕ್ಕೆ ಹಾರಿದರು. ಕೊರತೆಯು ಮಿತಿಯನ್ನು ಹಾಕಿಕೊಟ್ಟಿತು. ಆ ಮಿತಿಯೊಳಗೆ ಏನನ್ನು ಹಾಡಬೇಕೆಂಬುದನ್ನು ಕಿವಿ ಕಲಿಸಿತು. ಮೊದಲಿನ ಹಾಡಿನಲ್ಲಿ ಪರರನ್ನು ಮೆಚ್ಚಿಸಿದ ಹಿಗ್ಗಿತ್ತು. ಎರಡನೆಯದರಲ್ಲಿ ತಾನು ಕಂಡುಕೊಂಡ ಆನಂದವಿದೆ.

ಇಲ್ಲಿ ನಮ್ಮ ಸೀಮೆಯ ಮಾತು ಬರುತ್ತದೆ. ಈಗಿನ ಮೂಡಲಗಿ ತಾಲೂಕಿನ ಕುಲಗೋಡದ ತಮ್ಮಣ್ಣನು ಹತ್ತೊಂಬತ್ತನೆಯ ಶತಮಾನದಲ್ಲಿ ಶ್ರೀಕೃಷ್ಣ ಪಾರಿಜಾತವನ್ನು ಬಯಲಾಟವಾಗಿ ತಿದ್ದಿ ಬೆಳೆಸಿದನು. ನೆರೆಯ ಕೌಜಲಗಿಯ ನಿಂಗಮ್ಮ ಅದನ್ನು ಆಡಿ ಮನೆಮಾತಾದಳು. ಹಾರ್ಮೋನಿಯಂ, ತಬಲಗಳ ಮೇಳದಲ್ಲಿ ಬೆಳಗಿನತನಕ ಹಾಡುವ ಈ ಆಟದ ಧಾಟಿಗಳು ಮಾಳವದ ಪದಗಳಿಗೇನೂ ಕಡಿಮೆಯಲ್ಲ. ಕುಮಾರ ಗಂಧರ್ವರು ‘ನಮ್ಮವರು’ ಎನ್ನುವ ನಾವು, ಅವರು ಮಾಳವಕ್ಕೆ ಕೊಟ್ಟ ಕಿವಿಯನ್ನು ಕುಲಗೋಡಕ್ಕೆ ಕೊಟ್ಟಿದ್ದೇವೆಯೇ? ಸನ್ಮಾನ, ಶಾಲು, ಭಾಷಣಗಳನ್ನು ಕೊಟ್ಟಿದ್ದೇವೆ. ಕಿವಿಯ ಮಾತು ಬೇರೆ.

ಇನ್ನೊಂದು ಮಾತು. ಬಾಲ್ಯದಲ್ಲಿ ಹಾಡಿ, ನೌಕರಿ, ಸಂಸಾರಗಳಲ್ಲಿ ಹಾಡು ಬಿಟ್ಟವರು, ವಿಶೇಷವಾಗಿ ಹೆಂಗಸರು, ನಮ್ಮ ಮನೆಗಳಲ್ಲಿ ಎಷ್ಟೋ ಮಂದಿ. ‘ಮೊದಲಿನ ಕಂಠ ಈಗಿಲ್ಲ’ ಎಂದು ಅವರು ಹಿಂಜರಿಯುತ್ತಾರೆ. ನಿಜ, ಅದು ಇರುವುದಿಲ್ಲ. ಮೊದಲಿನ ಕಂಠವನ್ನೇ ಹುಡುಕಹೊರಟರೆ ನಿರಾಶೆ ತಪ್ಪದು. ದೇವಾಸದ ದೃಷ್ಟಾಂತವು ಪ್ರತಿಭಾವಂತನೊಬ್ಬನದು. ಎಲ್ಲರಿಗೂ ಲಗನಗಂಧಾರ ಹೊಳೆಯದು. ಆದರೆ ಬಿಟ್ಟ ವರ್ಷಗಳಲ್ಲಿ ಕೇಳಿದ್ದು, ಬಾಳಿದ್ದು ಇದೆಯಲ್ಲ, ಅದು ಹದಿನಾರರ ಕಂಠಕ್ಕೆ ಇರಲಿಲ್ಲ. ಅಷ್ಟನ್ನು ಹಾಡಲು ಇಂದಿನ ಕಂಠ ಸಾಕು.